ಬೆಳ್ಳಿ ಕೋಟಿನ ಅಕ್ಷೋಭ್ಯ

ಕೆಲಸ ಹೋದದ್ದು ಅಕ್ಷೋಭ್ಯನಿಗೆ ಅಷ್ಟೇನೂ ತೊಂದರೆ ಕೊಡಲಿಲ್ಲ. ಪ್ರಾಣ ಹಿಂಡಿದ್ದು ಅವನ ಮಿನಿವ್ಯಾನ್. ಎರಡು ಸಾವಿರದ ಒಂಬತ್ತರಲ್ಲಿ ಡೆಟ್ರಾಯ್ಟಿನ ಸುತ್ತಮುತ್ತ ಕೆಲಸ ಕಳೆದುಕೊಂಡ ಎಂಜಿನಿಯರುಗಳಿಗೆ ಬರವಿರಲಿಲ್ಲ. ಆದರೆ ಕೆಲಸವೂ ಇಲ್ಲ, ಏಳು ಸೀಟಿನ ಗಾಡಿಯೂ ಇದೆ ಎಂಬ ಯೋಗ ವೆಸ್ಟ್ ಬ್ಲೂಮ್‌ಫೀಲ್ಡಿನ ಕನ್ನಡಿಗರಲ್ಲಿ ಇವನೊಬ್ಬನಿಗೇ ಕೂಡಿಬಂದಿತ್ತು. ಯಾರ ಅತ್ತೆ ವಿಮಾನದಿಂದ ಇಳಿಯಲಿ, ಯಾರ ಸೋಫಾ ಮನೆ ಬದಲಾಯಿಸಲಿ, ಫೋನು ಇವನಿಗೇ. "ಹೇಗಿದ್ರೂ ಮನೇಲೇ ಇದೀರಲ್ಲ" ಎಂದು ಶುರುವಾಗುವ ಆ ಫೋನುಗಳಿಗೆ ಇಲ್ಲ ಎನ್ನಲು ಪುಣ್ಯಾತ್ಮನಿಗೆ ಬಾಯೇ ಬರುತ್ತಿರಲಿಲ್ಲ.

ಆ ಶನಿವಾರ ಮಾತ್ರ ಇಲ್ಲ ಎನ್ನಲೇಬೇಕಿತ್ತು. ಅಂದು ಸಂಜೆ ಡೆಟ್ರಾಯ್ಟಿನ ಒಂದು ಪುಟ್ಟ ಕ್ಲಬ್ಬಿನಲ್ಲಿ ಸಿಲ್ವರ್ ರೇನ್‌ಡಿಯರ್ ಹಾಡಲಿತ್ತು.

ಹೆಸರು ಕೇಳಿಲ್ಲವೇ? ಯಾರೂ ಕೇಳಿಲ್ಲ, ಬಿಡಿ. ಫಿನ್ಲೆಂಡಿನ ನಾಲ್ಕು ಹುಡುಗರ ಬ್ಯಾಂಡ್ ಅದು. ಕೆದರಿ ನಿಲ್ಲಿಸಿದ ಕೂದಲು, ಮುಖದ ತುಂಬ ಬಿಳಿ ಬಣ್ಣ, ಕಣ್ಣಿಗೆ ಕಾಡಿಗೆ, ತುಟಿಗೆ ಲಿಪ್‌ಸ್ಟಿಕ್, ಮೈಮೇಲೆ ಬೆಳ್ಳಿಬಣ್ಣದ ಕೋಟು. ಮೈಸೂರಿನ ಹಾಸ್ಟೆಲ್ಲಿನಲ್ಲಿ ಅಕ್ಷೋಭ್ಯ ಅವರ ಕ್ಯಾಸೆಟ್ ಹಾಕಿದಾಗ ವಾರ್ಡನ್, ಟೇಪ್‌ರೆಕಾರ್ಡರ್ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದ್ದರು. ಬ್ಯಾಂಡಿನವರು ಮೂರು ರೆಕಾರ್ಡ್ ತಂದರು, ಮೂರೂ ಮುಳುಗಿದವು. ಅಮೆರಿಕ ಗೆಲ್ಲುತ್ತೇವೆಂದು ಹೊರಟವರನ್ನು ಅವರ ಕಂಪನಿ ಅರ್ಧ ದಾರಿಯಲ್ಲಿ ಕೈಬಿಟ್ಟಿತು. "ಕಂಪನಿ ನಮ್ಮನ್ನ ಬಿಡಬಹುದು, ಲಿಪ್‌ಸ್ಟಿಕ್ ನಾವು ಬಿಡಲ್ಲ!" ಎಂದು ಪತ್ರಿಕೆಯವರ ಮುಂದೆ ಗುಡುಗಿದ ಹಾಡುಗಾರ ಯುಹಾನಿ, ಊರಿಗೆ ಹೋಗಿ ಪೇಂಟ್ ಅಂಗಡಿ ಇಟ್ಟ. ಡ್ರಮ್ ಬಾರಿಸುವವನು ಬಸ್ಸು ಓಡಿಸಿದ. ಇಪ್ಪತ್ತು ವರ್ಷದ ಮೇಲೆ ಅದೇ ನಾಲ್ವರು ಮತ್ತೆ ಕೂಡಿ, ಬಾಡಿಗೆ ವ್ಯಾನೊಂದರಲ್ಲಿ ಕೊನೆಯ ಪ್ರವಾಸ ಹೊರಟಿದ್ದರು. ಇಂದು ಡೆಟ್ರಾಯ್ಟ್, ನಾಳೆ ಚಿಕಾಗೋ, ಅಲ್ಲಿಂದಲೇ ಊರಿನ ವಿಮಾನ.

ಆಫೀಸಿನವರು ಅಕ್ಷೋಭ್ಯನ ಕೈಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದ ದಿನ ಅವನು ಪಾರ್ಕಿಂಗ್ ಲಾಟಿನಲ್ಲಿ ಕುಳಿತು ಯುಹಾನಿಯ ಆ ಮಾತನ್ನೇ ನೆನೆದಿದ್ದ. ಕಂಪನಿ ಬಿಟ್ಟರೂ ಹಟ ಬಿಡದ ನಾಲ್ವರನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ತಾನೂ ಈ ಊರಿನಲ್ಲಿ ತಲೆಯೆತ್ತಿ ನಡೆಯಬಲ್ಲೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಅದಕ್ಕೆಂದೇ ಹೊಂದಿಸಿಕೊಂಡ ಬೆಳ್ಳಿ ಕೋಟು ವ್ಯಾನಿನ ಹಿಂದಿನ ಸೀಟಿನ ಕೆಳಗೆ ಅಡಗಿತ್ತು.

ಬೆಳಗ್ಗೆಯೇ ಫೋನು ಹೊಡೆದುಕೊಂಡಿತು. ಕನ್ನಡ ಕೂಟದ ಅಧ್ಯಕ್ಷ ಪ್ರಸನ್ನ. ಅಂದು ಪಕ್ಕದ ನೋವಿ ಎಂಬ ಊರಿನ ಶಾಲೆಯೊಂದರ ಸಭಾಂಗಣದಲ್ಲಿ ಕೂಟದ ರಾಜ್ಯೋತ್ಸವ.

"ಅಕ್ಷೋಭ್ಯ, ಹೇಗಿದ್ರೂ ಮನೇಲೇ ಇದೀರಲ್ಲ! ನಮ್ಮತ್ತೆ ಬೆಂಗ್ಳೂರಿಂದ ಬರ್ತಿದಾರೆ. ನಾನು ಸ್ಟೇಜ್ ಬಿಟ್ಟು ಹೇಗೆ ಹೋಗ್ಲಿ ಹೇಳಿ? ಸ್ವಲ್ಪ ಪಿಕಪ್ ಮಾಡ್ಬಿಡಿ."

"ಪ್ರಸನ್ನ, ನನಗೆ ಸಂಜೆ ಒಂದು..."

"ಸಂಜೆ ಅಲ್ರೀ, ಈಗ!"

ಸರಿ, ಹೋದ. ಪ್ರಭಾವತಿ ಆಂಟಿ ಹಿಂದಿನ ಸೀಟಿನಲ್ಲಿ ಪಟ್ಟಾಗಿ ಕುಳಿತು, ದಾರಿಯುದ್ದಕ್ಕೂ ಅವನ ತಲೆಯ ಹಿಂಭಾಗದ ಜೊತೆ ಮಾತಾಡಿದರು.

"ಕೆಲಸ ಹೋಯ್ತಂತಲ್ಲಪ್ಪಾ?"

"ಹೂಂ ಆಂಟಿ."

"ಹೆಂಡ್ತಿ ದುಡೀತಾಳಂತೆ?"

"ಹೂಂ ಆಂಟಿ. ಆಸ್ಪತ್ರೆ ಲ್ಯಾಬಲ್ಲಿ."

"ಪುಣ್ಯಾತ್ಗಿತ್ತಿ. ನೀನು ಬೇಜಾರು ಮಾಡ್ಕೋಬೇಡ, ಡ್ರೈವಿಂಗ್ ಚೆನ್ನಾಗೇ ಮಾಡ್ತೀಯ."

ಅಕ್ಷೋಭ್ಯ ಹಲ್ಲು ಕಚ್ಚಿಕೊಂಡು ಗಾಡಿ ಓಡಿಸಿದ. ಆಂಟಿಯನ್ನು ಇಳಿಸುವಷ್ಟರಲ್ಲಿ ಇನ್ನೊಂದು ಫೋನು: ಅಡಿಗೆಯ ಉಸ್ತುವಾರಿ ಹೊತ್ತ ಲೀನಾ. ಅವಳ ಮನೆಯಿಂದ ಮುನ್ನೂರು ಜನಕ್ಕಾಗುವಷ್ಟು ಬಿಸಿಬೇಳೆಬಾತನ್ನು ಸಭಾಂಗಣಕ್ಕೆ ಮುಟ್ಟಿಸಬೇಕಂತೆ. ಅದನ್ನೂ ಹೇರಿಕೊಂಡ. ಹೆದ್ದಾರಿಯ ಎಕ್ಸಿಟ್ಟಿನ ತಿರುವಿನಲ್ಲಿ ದೊಡ್ಡ ಪಾತ್ರೆಯೊಂದರ ಮುಚ್ಚಳ ಜಾರಿ, ಎರಡು ಸೌಟಿನಷ್ಟು ಬಾತು ಸೀಟಿನ ಕೆಳಕ್ಕೆ ಇಳಿಯಿತು. ಕೋಟನ್ನು ಎಳೆದು ನೋಡಿದರೆ ಬೆಳ್ಳಿ ತೋಳಿನ ಮೇಲೆ ಹಳದಿ ತುಪ್ಪ, ಕಾಲರಿನಲ್ಲಿ ಒಂದು ಬಟಾಣಿ. ಒರೆಸಿದಷ್ಟೂ ಇಂಗಿನ ವಾಸನೆ ಮೇಲೆದ್ದಿತು.

ಸಭಾಂಗಣದಲ್ಲಿ ಪ್ರಸನ್ನ ತಲೆಯ ಮೇಲೆ ಕೈಹೊತ್ತು ನಿಂತಿದ್ದ.

"ಬಂದ್ರಾ? ದೇವ್ರು ಬಂದಹಾಗೆ ಬಂದ್ರಿ! ಸೌಂಡ್ ಸಿಸ್ಟಮ್‌ನೋನು ಕೈಕೊಟ್ಬಿಟ್ಟ. ಲಿವೋನಿಯಾದಲ್ಲಿ ಸತೀಶನ ಬೇಸ್‌ಮೆಂಟಲ್ಲಿ ಸ್ಪೀಕರ್ ಇದ್ಯಂತೆ, ಓಡಿಹೋಗಿ ತಂದ್ಬಿಡಿ. ಆಮೇಲೆ ಮಿಕ್ಸರ್ ಮುಂದೆ ಕೂತ್ಕೊಂಡ್ರೆ ಆಯ್ತು, ಊಟದವರೆಗೂ."

"ಇಲ್ಲ," ಎಂದ ಅಕ್ಷೋಭ್ಯ.

ತೋರಣ ಕಟ್ಟುತ್ತಿದ್ದವರ ಕೈ ನಿಂತಿತು. ತನ್ನ ಬಾಯಿಂದಲೇ ಬಂತೇ ಎಂದು ಅಕ್ಷೋಭ್ಯನಿಗೂ ಅನುಮಾನವಾಗಿ ಇನ್ನೊಮ್ಮೆ ಹೇಳಿದ. "ಇಲ್ಲ ಅಂದ್ರೆ ಇಲ್ಲ. ನಾನು ಕನ್ಸರ್ಟಿಗೆ ಹೋಗ್ತಿದೀನಿ."

"ಕನ್ಸರ್ಟಾ?" ಲೀನಾ ಬಾಯಿ ಮೇಲೆ ಕೈಯಿಟ್ಟಳು. "ಕೆಲಸ ಇಲ್ದೇ ಇರೋವಾಗ?"

"ಕೆಲಸ ತಾನೇ ಹೋಗಿರೋದು? ಕಿವಿ ಹೋಗಿಲ್ವಲ್ಲ!"

ಹೆಂಡತಿ ಸುಹಾಸಿನಿ ಹತ್ತಿರ ಬಂದು ಮೆಲ್ಲಗೆ, "ಹೋಗ್ಬನ್ನಿ, ಯಾರ ಮಾತೂ ಕೇಳ್ಬೇಡಿ. ಫೋನ್ ಮಾತ್ರ ಆನ್ ಇಟ್ಕೊಳ್ಳಿ," ಎಂದಳು. ನಾಟ್ಯದ ಅಲಂಕಾರದಲ್ಲಿದ್ದ ಮಗಳು ಧೃತಿ ತನ್ನ ಮೇಕಪ್ ಡಬ್ಬಿಯನ್ನೇ ಅವನ ಕೈಗಿತ್ತು, "ಜಸ್ಟ್ ಗೋ, ಅಪ್ಪಾ! ಯು ಆರ್ ಸೋ ವಿಯರ್ಡ್, ಬಟ್ ಗೋ!" ಎಂದಳು. ಅಕ್ಷೋಭ್ಯನ ಕಣ್ಣು ಮಂಜಾಯಿತು. ವ್ಯಾನು ಹತ್ತಿದವನು ಮೊದಲು ಮಾಡಿದ ಕೆಲಸವೆಂದರೆ ಫೋನನ್ನು ಪೂರ್ತಿ ಆರಿಸಿದ್ದು.

ಗ್ಯಾಸ್ ಸ್ಟೇಷನ್ನಿನ ರೆಸ್ಟ್‌ರೂಮಿನ ಕನ್ನಡಿಯ ಮುಂದೆ ಮುಖಕ್ಕೆ ಬಿಳಿ ಬಳಿದ, ಕಾಡಿಗೆ ತೀಡಿದ, ಲಿಪ್‌ಸ್ಟಿಕ್ ಹಚ್ಚಿದ. ಇದ್ದಷ್ಟು ಕೂದಲನ್ನು ಜೆಲ್ ಹಾಕಿ ನಿಲ್ಲಿಸಿದ. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಟ್ರಕ್ ಡ್ರೈವರ್ ಕೈ ಒರೆಸಿಕೊಳ್ಳದೆಯೇ ಹೊರಟುಹೋದ. ಹೋಗಲಿ! ತಿಂಗಳುಗಟ್ಟಲೆ ಬೇರೆಯವರ ಸಾಮಾನು ಹೊತ್ತ ಗಾಡಿಯಲ್ಲಿ ಇವತ್ತು ಅಕ್ಷೋಭ್ಯ ತನ್ನೊಬ್ಬನನ್ನೇ ಹೊತ್ತುಕೊಂಡು ಹೊರಟಿದ್ದ.

ಇಂಟರ್‌ಸ್ಟೇಟ್ ತೊಂಬತ್ತಾರು ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗುತ್ತಲೇ, ಪಕ್ಕದಲ್ಲಿ ಹೊಗೆಯಾಡುವ ವ್ಯಾನೊಂದು ನಿಂತಿತ್ತು. ಉಣ್ಣೆ ಟೋಪಿ ಹಾಕಿಕೊಂಡ ನಾಲ್ಕು ಜನ ನಡುವಯಸ್ಸಿನವರು ಚಳಿಗೆ ಕಾಲು ಕುಣಿಸುತ್ತ ನಿಂತಿದ್ದರು. ಅವರಲ್ಲೊಬ್ಬ ಕೈಯೆತ್ತಿ ಬೀಸಿದ. ಅಕ್ಷೋಭ್ಯನ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಯಿತು. ಆರು ಸೀಟು ಖಾಲಿ ಇರುವವನ ಕಾಲು ಮತ್ತೆಲ್ಲಿಗೆ ಹೋದೀತು?

"ಆಗಲ್ಲ!" ಎಂದು ಅವನು ತನ್ನ ಕಾಲಿಗೇ ಕೂಗಿ ಹೇಳಿದ. "ಈ ಟ್ಯಾಕ್ಸಿಗೆ ಇವತ್ತು ರಜಾ!"

ಆಕ್ಸಿಲರೇಟರ್ ಒತ್ತಿದ. ಕನ್ನಡಿಯಲ್ಲಿ ನಾಲ್ವರೂ ಚಿಕ್ಕದಾಗಿ ಮರೆಯಾದರು. ಜೀವಮಾನದಲ್ಲಿ ಮೊದಲ ಸಲ ಇಷ್ಟು ಕಟುಕನಾದೆನಲ್ಲ ಎಂದು ಅವನಿಗೆ ಒಳ್ಳೆ ಖುಷಿಯಾಯಿತು.

ಷೋಗೆ ಎರಡು ತಾಸು ಮೊದಲೇ ತಲುಪಿ ವ್ಯಾನಿನಲ್ಲೇ ಕಾದು ಕುಳಿತ. ಕೊನೆಗೆ ಇಳಿದು ಹೋದರೆ ಕ್ಲಬ್ಬಿನ ಬಾಗಿಲಿನಲ್ಲಿ ಜನರಿರಲಿಲ್ಲ. ಒಬ್ಬಳು ಹುಡುಗಿ ಮಾತ್ರ ಕುರ್ಚಿಯ ಮೇಲೆ ಚೂಯಿಂಗ್ ಗಮ್ ಅಗಿಯುತ್ತ ಕೂತಿದ್ದಳು. ಷೋ ರದ್ದಾಗಿದೆ ಎಂದಳು. ಬ್ಯಾಂಡಿನವರ ವ್ಯಾನು ತೊಂಬತ್ತಾರರಲ್ಲಿ ಕೆಟ್ಟು ನಿಂತಿತಂತೆ. ಪಾಪ, ಚಳಿಯಲ್ಲಿ ಬಹಳ ಹೊತ್ತು ಕೈ ಬೀಸಿದರಂತೆ, ಯಾವನೂ ನಿಲ್ಲಿಸಲಿಲ್ಲವಂತೆ.

ಅಕ್ಷೋಭ್ಯ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಫೋನು ಆನ್ ಮಾಡಿದರೆ ಗಂಟೆಯ ಹಿಂದೆಯೇ ಬಂದಿದ್ದ ಸುಹಾಸಿನಿಯ ವಾಯ್ಸ್‌ಮೇಲ್. ಹಿನ್ನೆಲೆಯಲ್ಲಿ ಆಕಾಶ ಹರಿದು ಬೀಳುವಂಥ ಗಿಟಾರಿನ ಸದ್ದು.

"ರೀ! ಎಲ್ಲಿದೀರಿ? ನೀವು ಹೋಗಲ್ಲ ಅಂದಿದ್ದಕ್ಕೆ ಪ್ರಸನ್ನ ಅವ್ರೇ ಸ್ಪೀಕರ್ ತರಕ್ಕೆ ಹೊರಟ್ರು. ದಾರೀಲಿ ಯಾರೋ ನಾಲ್ಕು ಜನ ಆಂಪ್ಲಿಫೈಯರ್ ಇಟ್ಕೊಂಡು ನಿಂತಿದ್ರಂತೆ. ಅವ್ರ ಹತ್ರ ಸೌಂಡ್ ಇದೆ, ನಮ್ಮ ಹತ್ರ ಊಟ ಇದೆ ಅಂತ ಕರ್ಕೊಂಡೇ ಬಂದ್ಬಿಟ್ರು! ರೀ, ಇವ್ರು ನಿಮ್ಮ ರೇನ್‌ಡಿಯರ್‌ನೋರು ಕಣ್ರೀ! ಅದೇ ಬಿಳಿ ಮುಖ, ಬೆಳ್ಳಿ ಕೋಟು! ಎಲ್ಲರಿಗೂ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದೀವಿ, ಈಗ ಹಾಡ್ತಿದಾರೆ, ಬೇಗ ಬನ್ನಿ!"

ಅವನು ಹಿಂದಿರುಗಿ ಓಡಿಸಿದ ವೇಗಕ್ಕೆ ಪೊಲೀಸರು ಹಿಡಿಯದೇ ಹೋದದ್ದೇ ಹೆಚ್ಚು. ಆದರೆ ಸಭಾಂಗಣದ ಪಾರ್ಕಿಂಗ್ ಲಾಟು ಆಗಲೇ ಬರಿದಾಗಿತ್ತು. ಸುಹಾಸಿನಿಯ ಕಾರೂ ಇರಲಿಲ್ಲ. ಒಳಗೆ ಅರ್ಧ ದೀಪ ಆರಿಸಿ ಕುರ್ಚಿ ಮಡಚುತ್ತಿದ್ದರು. ಎಲೆಯಡಿಕೆ ಎತ್ತಿಡುತ್ತಿದ್ದ ಪ್ರಭಾವತಿ ಆಂಟಿ ತಲೆಯೆತ್ತಿ, ಈ ಬಿಳಿ ಮುಖ, ಬೆಳ್ಳಿ ಕೋಟು ನೋಡಿ ಎದೆಯ ಮೇಲೆ ಕೈಯಿಟ್ಟರು.

"ಅಯ್ಯೋ ರಾಮ! ಯು! ಯುವರ್ ಪೀಪಲ್ ಗಾನ್! ಸತೀಶ ಟೇಕ್, ಚಿಕಾಗೋ!"

ಗಾಬರಿಯಲ್ಲಿ ಅಕ್ಷೋಭ್ಯನ ಬಾಯಿಗೂ ಇಂಗ್ಲಿಷೇ ಬಂತು. ನಾಳೆಯ ಆಸೆಯೊಂದೇ ಅವನಿಗೆ ಉಳಿದಿತ್ತು. "ಟುಮಾರೋ... ಷೋ?" ಎಂದ.

"ನೋ ನೋ! ದಟ್ ಸಿಂಗಿಂಗ್ ಮ್ಯಾನ್ ಕ್ರೈಯಿಂಗ್. ಸೋ ಮಚ್ ಪೀಪಲ್ ನೆವರ್ ಕ್ಲಾಪ್, ಹಿ ಸೇ. ಹಿಯರ್ ಓನ್ಲಿ ಫಿನಿಷ್. ಟುಮಾರೋ ನೋ ಸಿಂಗಿಂಗ್, ಓನ್ಲಿ ಏರೋಪ್ಲೇನ್!"

ಅಂದರೆ ಸಿಲ್ವರ್ ರೇನ್‌ಡಿಯರ್ ತನ್ನ ಕಟ್ಟಕಡೆಯ ಹಾಡನ್ನು ಹಾಡಿ ಮುಗಿಸಿದ್ದು ಇಲ್ಲಿ, ಊಟದ ಸಾಲು ಯಾವಾಗ ಬಿಡುತ್ತಾರೋ ಎಂದು ಕಾಯುತ್ತಿದ್ದ ಈ ಮುನ್ನೂರು ಜನರ ಮುಂದೆ. ಅವರೆಲ್ಲ ನೋಡಿದರು, ತಾನೊಬ್ಬ ನೋಡಲಿಲ್ಲ. ಅಕ್ಷೋಭ್ಯನಿಗೆ ಅಳು ಒತ್ತರಿಸಿಕೊಂಡು ಬಂತು. ಕಾಡಿಗೆ ಕರಗಿ ಕೆನ್ನೆಯ ಮೇಲೆ ಇಳಿಯಿತು.

ಆಂಟಿಯ ಕರುಳು ಚುರುಕ್ಕೆಂದಿತು. ಅಡಿಗೆಮನೆಯ ಕಡೆ ತಿರುಗಿ ಕೂಗಿದರು. "ಅಳಿಯಂದ್ರೇ! ಒಬ್ಬ ಇಲ್ಲೇ ಉಳ್ಕೊಂಡ್ಬಿಟ್ಟಿದಾನೆ! ಪಾಪ, ಅಳ್ತಿದಾನೆ!"

"ಯೋಚ್ನೆ ಮಾಡ್ಬೇಡಿ ಅತ್ತೆ," ಪ್ರಸನ್ನನ ದನಿ ಪಾತ್ರೆಗಳ ಸದ್ದಿನ ನಡುವೆ ಬಂತು. "ಅವರನ್ನ ಚಿಕಾಗೋಗೆ ಕಳ್ಸೋ ಏರ್ಪಾಡು ಮಾಡ್ತೀನಿ, ಒಂದ್ನಿಮ್ಷ."

ಬೆಳ್ಳಿ ಕೋಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಕ್ಷೋಭ್ಯ ಕಿವಿಗಿಟ್ಟ. "ಅಕ್ಷೋಭ್ಯ, ಎಲ್ಲಿದೀರಿ? ನಿಮ್ಮ ಗಾಡಿ ಬೇಕಿತ್ತಲ್ಲ!" ಎಂಬ ಮಾತು ಫೋನಿನಿಂದಲೂ ಅಡಿಗೆಮನೆಯಿಂದಲೂ ಒಟ್ಟಿಗೇ ಕೇಳಿಸಿತು.

ಅಕ್ಷೋಭ್ಯನ ಮೈಯೆಲ್ಲ ಉರಿಯಿತು. ಎದೆ ಸೆಟೆಸಿ ನಿಂತು, ಸಭಾಂಗಣ ಮೊಳಗುವಂತೆ ಗುಡುಗಿದ. "ಆಗಲ್ಲ! ಇವತ್ತು ನಾನು ಯಾರನ್ನೂ ಎಲ್ಲಿಗೂ ಬಿಡಲ್ಲ! ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

ಪ್ರಭಾವತಿ ಆಂಟಿಯ ಕೈಯಿಂದ ಎಲೆಯಡಿಕೆ ತಟ್ಟೆ ಜಾರಿತು. ಅವರ ಮುಖ ಸಂತೋಷದಿಂದ ಅರಳಿತು.

"ಅಳಿಯಂದ್ರೇ, ಓಡಿ ಬನ್ನಿ! ಇವನಿಗೆ ಕನ್ನಡ ಬರತ್ತೆ! ಇನ್ನೊಂದು ಶಾಲು ತನ್ನಿ!"