ಮೂರು ಕೈಯ ಟೇಲರನಿಗೆ ಸ್ನಾನ ಮಾಡಿಸಿದ್ದು

ನನಗೆ ಕಲೆಯ ಕಣ್ಣಿದೆ ಎಂಬ ಸಂಗತಿ ನನಗೇ ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅದೂ ಕಾಲು ಉಳುಕಿ ಹದಿನೈದು ದಿನ ಮಂಚದ ಮೇಲೆ ಬಿದ್ದುಕೊಂಡಿದ್ದಾಗ. ಮಾಡಲು ಬೇರೆ ಕೆಲಸವಿರಲಿಲ್ಲ. ಮೊಬೈಲ್ ತೆರೆದರೆ ಎಲ್ಲೆಲ್ಲಿನದೋ ಚಿತ್ರಗಳು ಒಂದರ ಹಿಂದೊಂದು ಬರತೊಡಗಿದವು. ಅಜ್ಜನ ಕಾಲದ ಬೆಂಕಿಪೊಟ್ಟಣದ ಚೀಟಿಗಳು, ಚಮಚ ಜೋಡಿಸಿ ಮಾಡಿದ ನವಿಲು, ಹರಿದ ಬಸ್ ಟಿಕೆಟ್ ಅಂಟಿಸಿ ಮಾಡಿದ ಮುದುಕಿಯ ಮುಖ, ಯಾವುದೋ ದೇಶದ ಹಳೆಯ ಸಾಬೂನಿನ ಡಬ್ಬಿಯ ಮೇಲೆ ಸೈಕಲ್ ಹೊಡೆಯುವ ಮೀನು! ಐದನೆಯ ದಿನಕ್ಕೆ ನಾನು ಕಲಾವಿಮರ್ಶಕಿಯಾಗಿದ್ದೆ.

"ಏನ್ರೀ, ನನಗ ಕಣ್ಣ ಐತಿ," ಎಂದು ಗಂಡನಿಗೆ ಹೇಳಿದೆ.

ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಎರಡೂ ಅದಾವ. ಮ್ಯಾಲ ಚಸ್ಮಾನೂ ಐತಿ," ಎಂದರು.

ಸಿದ್ಧೇಶ್ವರ ಗುಡಿಯ ಹತ್ತಿರ ಬಣ್ಣ, ಮೊಳೆ, ಬ್ರಷ್ ಮಾರುವ ಅಂಗಡಿ ನಮ್ಮವರದು. ಬಣ್ಣವನ್ನು ಲೀಟರಿನಲ್ಲಿ ಅಳೆಯುವ ಮನುಷ್ಯನಿಗೆ ಕಲೆ ಹೇಗೆ ಅರ್ಥವಾದೀತು ಎಂದು ಕ್ಷಮಿಸಿದೆ.

ನಾನು ತಿಕೋಟಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಅಥಣಿ ರಸ್ತೆಯ ನಮ್ಮ ಮನೆಯ ಮುಂದೆಯೇ ಬಸ್ ಹತ್ತಿದರೆ ಶಾಲೆಯ ಹತ್ತಿರ ಇಳಿಯುತ್ತೇನೆ. ಹದಿನೆಂಟು ವರ್ಷ ಅದೇ ಹಾದಿ. ಆದರೆ ಕಾಲು ವಾಸಿಯಾಗಿ ಮತ್ತೆ ಹೊರಟ ದಿನ ಎಲ್ಲವೂ ಬೇರೆಯಾಗಿ ಕಂಡಿತು. ಟ್ರ್ಯಾಕ್ಟರಿನ ಹಿಂದೆ ಬಿಡಿಸಿದ ಹದ್ದು, ಹಳೆಯ ಟ್ರಂಕಿನ ಮೇಲಿನ ಗಿಳಿ, ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಗುವ ಜೋಳದ ತೆನೆ. ಇವನ್ನೆಲ್ಲ ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ!

ಎಲ್ಲಕ್ಕಿಂತ ದೊಡ್ಡ ಶೋಧ ಶಾಲೆಯ ಹತ್ತಿರದ ಮೆಹಬೂಬ ಕಾಕಾನ ಟೇಲರ್ ಅಂಗಡಿಯ ತಗಡಿನ ಬೋರ್ಡು. ಅಗಲ ನಾಲ್ಕು ಅಡಿ. ಮೇಲೆ 'ಗುಲಾಬ್ ಟೇಲರಿಂಗ್' ಎಂಬ ದುಂಡನೆಯ ಅಕ್ಷರ. ಕೆಳಗೆ ನೀಲಿ ಕೋಟು ತೊಟ್ಟ ಮೀಸೆಯ ಮನುಷ್ಯ. ಒಂದು ಕೈ ಸೊಂಟದ ಮೇಲೆ. ಒಂದು ಕೈಯಲ್ಲಿ ಕತ್ತರಿ. ಇನ್ನೊಂದು ಕೈಯಲ್ಲಿ ಗುಲಾಬಿ.

ಹೌದು, ಮೂರು ಕೈ!

ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಟಂಟಂ ಗಾಡಿಯವನು, "ಟೀಚರ್ರ, ಹಾದಿ ಬಿಡ್ರಿ," ಎಂದು ಕೂಗುತ್ತಿದ್ದ. ಕಲೆಗೆ ಹಾದಿ ಯಾವುದು?

ಅದೇ ವಾರ ಶಾಲೆಯಲ್ಲಿ 'ನಮ್ಮೂರ ಚಿತ್ರಗಳು' ಎಂಬ ಪ್ರದರ್ಶನದ ಪ್ರಸ್ತಾಪ ಇಟ್ಟೆ. ಹೆಡ್ ಮೇಡಂ ಒಪ್ಪಿದರು. ಸ್ಟಾಫ್ ರೂಮಿನಲ್ಲಿ ಆ ಬೋರ್ಡಿನ ಬಗ್ಗೆ ಅರ್ಧ ಗಂಟೆ ಉಪನ್ಯಾಸವನ್ನೂ ಮಾಡಿದೆ. ಸೊಂಟದ ಕೈ ಭೂತಕಾಲ, ಕತ್ತರಿಯ ಕೈ ವರ್ತಮಾನ, ಗುಲಾಬಿಯ ಕೈ ಭವಿಷ್ಯ. ಎಲ್ಲರೂ ತಲೆಯಾಡಿಸಿದರು. ಹಿಂದಿ ಮೇಡಂ ಮಾತ್ರ ನಿದ್ದೆಯಲ್ಲಿ ಆಡಿಸಿದರು.

ಮೆಹಬೂಬ ಕಾಕಾ ಬೋರ್ಡು ಕೊಡಲು ಒಂದು ಕ್ಷಣ ಹಿಂಜರಿದ.

"ನಮ್ಮಪ್ಪಾ ಬರಸಿದ್ದ ರೀ ಇದು. ಅವ ಹೋದ ಮ್ಯಾಲ ಅವನ ಫೋಟೋ ಸೈತ ನಮ್ಮ ಕಡೆ ಇಲ್ಲ. ಈ ಮಾರಿ ನೋಡಿದ್ರ ಅವನ್ನ ನೋಡಿದಂಗ ಆಕ್ಕೈತಿ. ಜ್ವಾಕಿ ರೀ ಟೀಚರ್ರ. ಬರೂ ಶನಿವಾರ ಮನಿ ಮಂದಿನೆಲ್ಲಾ ಕರಕೊಂಡು ನೋಡಾಕ ಬರ್ತೇನಿ."

"ಕಾಕಾ, ಕೂಸಿನಂಗ ನೋಡ್ಕೋತೇನಿ," ಎಂದೆ.

ಮಾತಿಗೆ ತಪ್ಪಲಿಲ್ಲ. ಕೂಸಿಗೆ ಮಾಡಿಸುವಂತೆ ಮರುದಿನವೇ ಸ್ನಾನ ಮಾಡಿಸಿದೆ.

ಅಂದು ಭಾನುವಾರ. ಬೋರ್ಡಿನ ಮೇಲೆ ಹೊಗೆ, ಧೂಳು, ಪಾರಿವಾಳಗಳ ಹಲವು ವರ್ಷಗಳ ಕೊಡುಗೆ. ಇಷ್ಟು ದೊಡ್ಡ ಕಲಾಕೃತಿಯನ್ನು ಹೀಗೆ ಇಡುವುದೇ? ಅಂಗಳದಲ್ಲಿ ಮಲಗಿಸಿದೆ. ಬಕೆಟ್ ತುಂಬ ಬಿಸಿನೀರು ತಂದೆ. ಮೂರು ಹಿಡಿ ವಾಷಿಂಗ್ ಸೋಡಾ ಹಾಕಿದೆ. ಪಾತ್ರೆ ಉಜ್ಜುವ ತಂತಿಯ ಜುಂಗು ಹಿಡಿದು ಭಕ್ತಿಯಿಂದ ಉಜ್ಜಿದೆ. ನೀರು ಮೊದಲು ಕಪ್ಪಾಗಿ ಹರಿಯಿತು. ಸಂತೋಷವಾಯಿತು. ಆಮೇಲೆ ನೀಲಿಯಾಗಿ ಹರಿಯಿತು. ಇನ್ನೂ ಸಂತೋಷವಾಯಿತು. ಗುಲಾಬಿ ಬಣ್ಣ ಹರಿದು ತುಳಸಿಕಟ್ಟೆಯ ಕಡೆಗೆ ಹೊರಟಾಗ ಕೈ ನಿಂತಿತು.

ಕ್ಷಾರವು ಹಳೆಯ ಬಣ್ಣವನ್ನು ಸಡಿಲಿಸುತ್ತದೆ. ಇದನ್ನು ನಾನು ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಬರೆಯದವರ ಕಿವಿಯನ್ನೂ ಹಿಂಡಿದ್ದೇನೆ!

ಟೇಲರನ ಮುಖ ಹೋಗಿತ್ತು. ಅರ್ಧ ಮೀಸೆ ಮತ್ತು ಒಂದು ಕಿವಿ ಉಳಿದಿದ್ದವು. ಪಕ್ಕದ ಮನೆಯ ಗಂಗಾಬಾಯಿ ಕಾಂಪೌಂಡಿನ ಮೇಲಿಂದ ಇಣುಕಿ, "ಯವ್ವಾ! ಯಾರ್ರೀ ಇವರು? ಏನಾಗಿತ್ತ ಪಾಪ?" ಎಂದು ಕೇಳಿದರು. ಅವರ ದನಿಯಲ್ಲಿ ಸೂತಕವಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಮೂರ್ಖಳಾಗಿ ಉಳಿಯುತ್ತಿದ್ದೆ. ಆದರೆ ಮೊಬೈಲಿನಲ್ಲಿ ಬೋರ್ಡಿನ ಫೋಟೋ ಇತ್ತು. ಮನೆಯ ಅಟ್ಟದಲ್ಲಿ ಅಂಗಡಿಯ ಉಳಿದ ಬಣ್ಣದ ಡಬ್ಬಿಗಳಿದ್ದವು. ನನಗೆ ಕಣ್ಣಿತ್ತು. ಇನ್ನೇನು ಬೇಕು? ಸೀರೆ ಸಿಕ್ಕಿಸಿ ಕುಳಿತೆ. ಮುಖ ಬರೆದೆ. ಮೂಗು ಕೆಳಗೆ ಬಂತು. ಮೂಗಿಗೆ ಸರಿಯಾಗಿ ಬಾಯಿಯನ್ನು ಇಳಿಸಿದೆ. ಬಾಯಿಗೆ ಸರಿಯಾಗಿ ಗದ್ದ ಇಳಿದು ಕೋಟಿನ ಎರಡನೆಯ ಗುಂಡಿಯವರೆಗೆ ಬಂತು. ಗುಲಾಬಿ ಉಳ್ಳಾಗಡ್ಡಿಯಾಯಿತು. ಅಕ್ಷರ ಬರೆಯುವಾಗ 'ಗುಲಾಬ್ ಟೇಲ' ಎಂಬಲ್ಲಿಗೆ ತಗಡು ಮುಗಿದುಹೋಯಿತು.

ಗಂಡ ಊಟಕ್ಕೆ ಬಂದರು. ಬೋರ್ಡಿನ ಮುಂದೆ ಎರಡು ನಿಮಿಷ ಮೌನವಾಗಿ ನಿಂತರು.

"ಸುನಂದಾ, ಬಣ್ಣದ ಅಂಗಡಿ ಇಟ್ಟಾವ ಮನ್ಯಾಗ ಅದಾನಲ್ಲಾ. ತೊಳೆಯೂಕ್ಕಿಂತ ಮೊದಲ ಒಂದ ಮಾತ ಕೇಳಬಾರದಾಗಿತ್ತೇನ?"

"ನಿಮಗ ಕಲಾ ತಿಳಿಯಂಗಿಲ್ಲ ಅಂದಕೊಂಡಿದ್ದೆ."

"ಕಲಾ ತಿಳಿಯಂಗಿಲ್ಲ. ಸೋಡಾ ತಿಳಿತೈತಿ."

ನನಗೆ ಅಳು ಬಂತು. ನಗಿಸಲೆಂದು ಹೇಳುತ್ತಿಲ್ಲ, ನಿಜವಾಗಿ ಬಂತು. ಫೋಟೋ ಕೂಡ ಇಲ್ಲದ ಅಪ್ಪನ ಮುಖವೆಂದು ಆ ಮನುಷ್ಯ ಇಟ್ಟುಕೊಂಡದ್ದನ್ನು ನಾನು ತುಳಸಿಕಟ್ಟೆಗೆ ಹರಿಸಿದ್ದೆ. ಗಂಡ ಚೇಷ್ಟೆ ಬಿಟ್ಟು ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ನನ್ನ ಜುಂಗು ಮುಟ್ಟದ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರವಿತ್ತು. 'ಚನ್ನು, ಬಬಲೇಶ್ವರ.'

"ಬರದಾವನ್ನ ಹುಡುಕೂಣು ತಡಿ," ಎಂದರು.

ಸೋಮವಾರ ರಜೆ ಹಾಕಿ ಸ್ಕೂಟರಿನಲ್ಲಿ ಹೊರಟೆವು. ಮುಂದೆ ಗಂಡ, ಹಿಂದೆ ನಾನು, ನಡುವೆ ಚಾದರ ಸುತ್ತಿದ ಬೋರ್ಡು ಅಡ್ಡಡ್ಡ. ಊರು ದಾಟಿದ್ದೇ ತಡ, ಬಯಲು ಗಾಳಿ ತಗಡಿಗೆ ಹೊಡೆಯಿತು. ಸ್ಕೂಟರು ಬಬಲೇಶ್ವರದ ಕಡೆಗೆ ಎಳೆದರೆ ಬೋರ್ಡು ಕಬ್ಬಿನ ಗದ್ದೆಯ ಕಡೆಗೆ ಎಳೆಯಿತು. ಎರಡು ಸಲ ಬೋರ್ಡೇ ಗೆದ್ದಿತು.

ಬಬಲೇಶ್ವರದಲ್ಲಿ ಚಹಾದ ಅಂಗಡಿಯವನನ್ನು ಕೇಳಿದೆವು. "ಚನ್ನಪ್ಪಜ್ಜಾ? ಫ್ಲೆಕ್ಸ್ ಬಂದ ಮ್ಯಾಲ ಬ್ರಷ್ ಬಿಟ್ಟಾನ್ರಿ. ಜೈನಾಪುರದಾಗ ಮಗಳ ಹೊಲದಾಗ ಇರ್ತಾನ," ಎಂದ.

ಜೈನಾಪುರದ ಹೊಲದಲ್ಲಿ ಎಪ್ಪತ್ತು ದಾಟಿದ ಚನ್ನಪ್ಪಜ್ಜ ಆಡುಗಳಿಗೆ ಸೊಪ್ಪು ಹಾಕುತ್ತಿದ್ದ. ಚಾದರ ಸರಿಸಿದೆವು. ಅಜ್ಜ ನೋಡಿದ. ಒಂದು ಆಡೂ ಬಂದು ನೋಡಿ ಹಿಂದೆ ಸರಿಯಿತು.

"ಇದನ್ನ ಯಾರ ಬರದಾರ?"

"ನಾನ ರೀ ಅಜ್ಜಾರ."

"ಕಣ್ಣ ಕಟಗೊಂಡ ಬರದೇನವಾ?"

ಎಲ್ಲ ಹೇಳಿದೆ. ಮೊಬೈಲಿನ ಫೋಟೋ ತೋರಿಸಿದೆ. ಅಜ್ಜ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಗಹಗಹಿಸಿ ನಕ್ಕ.

"ಇದು ಇನ್ನಾ ಹಂಗ ಇತ್ತೇನು! ಮೊದಲ ಕೈ ಸೊಂಟದ ಮ್ಯಾಲ ಇಟ್ಟಿದ್ದೆ. ಬರದ ಮ್ಯಾಲ ಆ ಟೇಲರ್ ಬಂದು, ಕೈಯಾಗ ಗುಲಾಬಿ ಬೇಕಂದ. ಇನ್ನೊಂದ ಕೈ ಬರದೆ. ಹಳೀ ಕೈ ಅಳಸಾಕ ಬಣ್ಣಾ ತೀರಿತ್ತು. ನಾಳೆ ಬಂದ ಅಳಸ್ತೇನಿ ಅಂದೆ. ಮರತಬಿಟ್ಟೆ!"

ಭೂತ, ವರ್ತಮಾನ, ಭವಿಷ್ಯ ಮೂರೂ ಆಡುಗಳ ನಡುವೆ ಬಿದ್ದು ಹೊರಳಾಡಿದವು. ಗಂಡ ಆಕಾಶ ನೋಡುತ್ತಿದ್ದರು. ಅವರ ಭುಜ ಮಾತ್ರ ಕುಣಿಯುತ್ತಿತ್ತು.

"ಅಜ್ಜಾರ, ಮತ್ತ ಬರದ ಕೊಡ್ರಿ," ಎಂದು ಕೈಮುಗಿದೆ.

ಅಜ್ಜನ ನಗು ನಿಂತಿತು. "ಬರೀತೇನಿ. ಆದ್ರ ಮೊದಲ ಆ ಟೇಲರನ ಮಗಗ ಖರೇ ಹೇಳಿ ಬಾ. ಕದ್ದು ಮುಚ್ಚಿ ಬರಿಯೂ ಕೆಲಸಕ್ಕ ನಾ ಕೈ ಹಚ್ಚಾಂವಲ್ಲ."

ಬೋರ್ಡನ್ನು ಅಜ್ಜನ ಹತ್ತಿರವೇ ಬಿಟ್ಟು ಬಂದೆವು. ಮರುದಿನ ಮೆಹಬೂಬ ಕಾಕಾನ ಅಂಗಡಿಯ ಮೆಟ್ಟಿಲು ಹತ್ತುವಾಗ ನನ್ನ ಕಾಲು ಮತ್ತೊಮ್ಮೆ ಉಳುಕಬಾರದೇ ಎನಿಸಿತು. ಹೇಳಿದೆ. ಕಾಕಾ ಹೊಲಿಗೆ ಮಷೀನು ನಿಲ್ಲಿಸಿದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಬೋರ್ಡು ಇದ್ದ ಗೋಡೆಯ ಖಾಲಿ ಜಾಗವನ್ನು ನೋಡುತ್ತ ಕುಳಿತ.

"ಒಮ್ಮೆ ಕೇಳಬೇಕಿತ್ತಲ್ಲರೀ ಟೀಚರ್ರ."

"ತಪ್ಪಾತ ಕಾಕಾ."

ಕತ್ತರಿ ಎತ್ತಿಟ್ಟು ಅವನೇ, "ಚನ್ನಪ್ಪಜ್ಜಾ ಇನ್ನಾ ಅದಾನಂದ್ರೇನು? ನಮ್ಮಪ್ಪನ್ನ ಕಂಡಾವ?" ಎಂದ. ಮಷೀನಿನ ಮೇಲೆ ಬಟ್ಟೆ ಮುಚ್ಚಿ ಅಂದೇ ನನ್ನೊಂದಿಗೆ ಜೈನಾಪುರಕ್ಕೆ ಹೊರಟ.

ಅಲ್ಲಿ ಅವರಿಬ್ಬರೂ ನನ್ನನ್ನು ಮರೆತೇಬಿಟ್ಟರು. ಅಪ್ಪ ಹೇಗೆ ನಗುತ್ತಿದ್ದ, ಯಾವ ಕಡೆ ಮೀಸೆ ತಿರುವುತ್ತಿದ್ದ, ಬೋರ್ಡು ಬರೆಯುವಾಗ ಅಜ್ಜನಿಗೆ ಎಷ್ಟು ಸಲ ಚಹಾ ಕುಡಿಸಿದ್ದ, ಎಲ್ಲ ಬಂತು. ಕಾಕಾ ಕೇಳುತ್ತ ಕೇಳುತ್ತ ಕಣ್ಣು ಒರೆಸಿಕೊಂಡ. ಆಮೇಲೆ ಜಗಳ ಶುರುವಾಯಿತು.

"ಈ ಸಲ ಎರಡ ಕೈ ಬರೀತೇನಿ. ನನ್ನ ತಪ್ಪ ನಾ ತಿದ್ದಬೇಕು," ಎಂದ ಅಜ್ಜ.

"ಮೂರ ಇರಲಿ ಅಜ್ಜಾ! ಈದ್ ಬಂದಾಗ ಆ ಬೋರ್ಡ ತೋರಿಸಿ ನಮ್ಮಪ್ಪಾ ನಗತಿದ್ದ, ನಂಗೂ ಇನ್ನೊಂದ ಕೈ ಕೊಡಸ್ರ್ಯೋ ಅಂತ."

ಮೂರೇ ಎಂದು ತೀರ್ಮಾನವಾಯಿತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಗಂಡ ಅಂಗಡಿಯಿಂದ ಬಣ್ಣ, ಟರ್ಪೆಂಟೈನ್, ಬ್ರಷ್ ತಂದು ಕೊಟ್ಟರು. ಅಜ್ಜ ಚಹಾದ ಕಪ್ಪು ಬದಿಗಿಟ್ಟ. ಬ್ರಷ್ ತಗಡಿಗೆ ತಾಗಿತು. ಒಂದೇ ಎಳೆತಕ್ಕೆ ಹುಬ್ಬು. ಇನ್ನೊಂದು ಎಳೆತಕ್ಕೆ ಮೀಸೆ. ನನ್ನ ಮೊಬೈಲಿನಲ್ಲಿ ಎಷ್ಟೋ ದೇಶಗಳ ಚಿತ್ರ ನೋಡಿದ್ದೆ. ಒಂದು ಚಿತ್ರ ಹುಟ್ಟುವುದನ್ನು ನೋಡಿದ್ದು ಅದೇ ಮೊದಲು. ಬಾಯಿ ಮುಚ್ಚಿಕೊಂಡು ಕುಳಿತೆ. ನಮ್ಮವರಿಗೆ ಅದೂ ಒಂದು ಅಪರೂಪದ ಕಲಾಕೃತಿಯಂತೆ ಕಂಡಿರಬೇಕು.

ಶನಿವಾರ ಪ್ರದರ್ಶನ. ಹಾಲ್ ತುಂಬ ಟ್ರಂಕು, ಡಬ್ಬಿ, ಹಳೆಯ ಕ್ಯಾಲೆಂಡರು. ನಡುವೆ ಬೋರ್ಡು. ಕಾಕಾನ ಮನೆಯವರೆಲ್ಲ ಅದರ ಮುಂದೆ ನಿಂತು, "ದಾದಾ, ದಾದಾ," ಎಂದು ಮಕ್ಕಳಿಗೆ ಅವರ ಅಪ್ಪನ ಅಪ್ಪನನ್ನು ತೋರಿಸುತ್ತಿದ್ದರು. ನಾನು ಕಾಲದ ಉಪನ್ಯಾಸ ಕೈಬಿಟ್ಟು, ಅಜ್ಜನ ಬಣ್ಣ ತೀರಿದ ಸಂಗತಿಯನ್ನು, ನನ್ನ ಸೋಡಾದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಮಕ್ಕಳು ನಕ್ಕರು. ಮಾತು ಮುಗಿದು ತಿರುಗಿದಾಗ ಇನ್ನೂ ಜೋರಾಗಿ ನಕ್ಕರು. ನನ್ನ ಮಾತಿಗೆ ಇಷ್ಟು ಪ್ರಭಾವವೇ ಎಂದು ಉಬ್ಬಿದೆ. ಹೆಡ್ ಮೇಡಂ ಕಿವಿಯಲ್ಲಿ ಉಸುರಿದರು.

"ಸುನಂದಾ, ನಿಮ್ಮ ಬೆನ್ನ ಹಿಂದ ಗುಲಾಬಿ ಐತಿ."

ಕೆಂಪು ಸಾಲದೆಂದು ಅಜ್ಜ ಬೆಳಿಗ್ಗೆಯೇ ಬಂದು ಹೂವಿಗೆ ಇನ್ನೊಂದು ಕೈ ಬಣ್ಣ ಹಚ್ಚಿದ್ದ. ನಾನು ಒರಗಿದ್ದೆ. ಇಳಕಲ್ ಸೀರೆ!

ಅಜ್ಜ ಗಾಬರಿಯಾಗಲಿಲ್ಲ. ಜೇಬಿನಿಂದ ಬ್ರಷ್ ತೆಗೆದು ಎರಡು ನಿಮಿಷದಲ್ಲಿ ಬೋರ್ಡಿನ ಹೂವು ಸರಿಮಾಡಿದ. ನೋಡುತ್ತಿದ್ದ ಮಕ್ಕಳು ಮುಗಿಬಿದ್ದರು. "ಅಜ್ಜಾ, ನನ್ನ ಪಾಟಿಚೀಲದ ಮ್ಯಾಲ ಹುಲಿ!" "ಅಜ್ಜಾ, ನನ್ನ ಹೆಸರ!" ಮಧ್ಯಾಹ್ನದ ಹೊತ್ತಿಗೆ ಹಿಟ್ಟಿನ ಗಿರಣಿಯವನೂ, ಸೈಕಲ್ ಅಂಗಡಿಯವನೂ ಬೋರ್ಡು ಬರೆಸಲು ಬಂದು ನಿಂತರು. ಶಾಲೆಯ ಗೋಡೆ ಬರೆಯಲು ಹೆಡ್ ಮೇಡಂ ಅವನನ್ನೇ ಕೇಳಿದರು. ಈಗ ಪ್ರತಿ ಭಾನುವಾರ ಚನ್ನಪ್ಪಜ್ಜ ನಮ್ಮ ಶಾಲೆಯ ಪಡಸಾಲೆಯಲ್ಲಿ ಅಕ್ಷರ ಬರೆಯುವುದನ್ನು ಕಲಿಸುತ್ತಾನೆ. ಹನ್ನೊಂದು ಮಕ್ಕಳು ಬರುತ್ತಾರೆ. ನಾನೂ ಸೇರಿದ್ದೇನೆ.

ಮೊದಲ ಮೂರು ವಾರ ನನಗೆ ಬರೀ ಅಡ್ಡಗೆರೆ ಎಳೆಯಲು ಕೊಟ್ಟ. ನಾಲ್ಕನೆಯ ವಾರ ನನ್ನ ಗೆರೆಗಳನ್ನು ಬಹಳ ಹೊತ್ತು ನೋಡಿದ. ನಾನು ಚಸ್ಮಾ ಸರಿಮಾಡಿಕೊಂಡೆ.

"ತಂಗೀ, ನಿನ್ನ ಕೈ ಬಾಳ ಗಟ್ಟಿ ಅದಾವ," ಎಂದ.

"ಹೌದ ರೀ ಅಜ್ಜಾರ?"

"ಹೂಂ. ಮಕ್ಕಳು ಗ್ವಾಡಿ ಮ್ಯಾಲ ಬರಿಯೂಮುಂದ ಏಣಿ ಹಿಡಿಯಾಕ ಒಬ್ಬರ ಬೇಕಾಗ್ಯಾರ."

ಈಗ ಶಾಲೆಯ ಗೋಡೆಯ ಮೇಲೆ ಎಂಟನೆಯ ತರಗತಿಯ ರೇಷ್ಮಾ ಹದ್ದು ಬರೆಯುತ್ತಿದ್ದಾಳೆ. ರೆಕ್ಕೆ ಎಷ್ಟು ಚೆನ್ನಾಗಿ ಬಂದಿದೆಯೆಂದರೆ, ಕೆಳಗೆ ಏಣಿ ಹಿಡಿದವರು ತಲೆ ಎತ್ತಿ ನೋಡದೇ ಇರಲಾರರು. ಹಾಗೆ ನೋಡಿದಾಗಲೆಲ್ಲ ಚಸ್ಮಾದ ಮೇಲೆ ಒಂದು ಹನಿ ಬಣ್ಣ ಬೀಳುತ್ತದೆ. ಒರೆಸಲು ಮಾತ್ರ ನಾನು ಸೋಡಾ ಬಳಸುವುದಿಲ್ಲ, ಗಂಡನನ್ನು ಕೇಳುತ್ತೇನೆ.