ಧರ್ಮಕ್ಕೆ ಕಲಾಯಿ

ಉಜ್ಜಿನಪ್ಪನಿಗೂ ಅವನ ಮಗಳಿಗೂ ಮಾತು ನಿಂತದ್ದು ಒಂದು ಹಿತ್ತಾಳೆ ಬೋಗುಣಿಯಿಂದ.

ಹೊಸಪೇಟೆಯಲ್ಲಿ ಅವನದು ಪಾತ್ರೆ ಅಂಗಡಿ. ಪಾತ್ರೆ ಮಾರುವವನೂ ಅವನೇ, ಹೆಸರು ಕೊರೆಯುವವನೂ ಅವನೇ, ಹಿತ್ತಲಲ್ಲಿ ಕೆಂಡ ಮಾಡಿ ಕಲಾಯಿ ಹಾಕುವವನೂ ಅವನೇ. ಒಬ್ಬಳೇ ಮಗಳು ಮರುಳಸಿದ್ದಮ್ಮನನ್ನು ಕಂಪ್ಲಿ ಸೀಮೆಯ ಮೆಟ್ರಿಗೆ, ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದ್ದ. ಮದುವೆಯ ಪಂಕ್ತಿಯಲ್ಲಿ ಬೀಗರು ಅವನು ಉಡುಗೊರೆ ಕೊಟ್ಟ ಬೋಗುಣಿಯನ್ನು ಬೆರಳಿನಿಂದ ಬಡಿದು ನೋಡಿ, "ತಳ ತೆಳ್ಳಗೈತಲ್ರಿ" ಅಂದರು. ಉಜ್ಜಿನಪ್ಪ ಸಿಟ್ಟಿನಲ್ಲಿ ಮಗಳನ್ನೇ ಸಾಕ್ಷಿಗೆ ಕರೆದ. ಹುಟ್ಟಿದಾಗಿನಿಂದ ಪಾತ್ರೆಯ ಸದ್ದು ಕೇಳಿ ಬೆಳೆದ ಹುಡುಗಿ. ಆಕೆಯೂ ಒಮ್ಮೆ ಬಡಿದು ಕಿವಿಗೊಟ್ಟು, "ತೆಳ್ಳಗೇ ಐತಪ್ಪಾ" ಅಂದುಬಿಟ್ಟಳು.

"ಹಂಗಾರ ನನಗ ಮಗಳೇ ಇಲ್ಲ ತಗೋ!" ಅಂದ ಉಜ್ಜಿನಪ್ಪ.

ಪಂಕ್ತಿ ಪೂರ್ತಿ ಕೇಳಿತು. ಅದಾಗಿ ನಾಲ್ಕು ವರ್ಷ. ಮೊಮ್ಮಗಳು ಹುಟ್ಟಿದ ಸುದ್ದಿಯೂ ಅವನಿಗೆ ಭತ್ತದ ಗಾಡಿಯವರಿಂದಲೇ ತಿಳಿಯಿತು.

ಈಗ ಹೆಂಡತಿ ಜಂಬಮ್ಮ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಔಷಧಿ ಕೊಡಹೋದರೆ ಮುಖ ಗೋಡೆಗೆ ತಿರುಗಿಸಿ, "ಸಿದ್ದಿನ್ನ ಒಮ್ಮೆ ತೋರಸ್ರಿ, ಆಮ್ಯಾಲ ಕುಡೀತೀನಿ" ಅನ್ನುತ್ತಿದ್ದಳು. ಮಗಳಿಗೆ ಹೇಳಿ ಕಳಿಸಿದರೆ ತಾನು ಸೋತಂತೆ. ಕಳಿಸದಿದ್ದರೆ ಜಂಬಮ್ಮ ಉಳಿಯುವಂತಿಲ್ಲ. ಎರಡಕ್ಕೂ ನಡುವಿನ ದಾರಿ ಹುಡುಕಿಕೊಂಡು ಉಜ್ಜಿನಪ್ಪ ಕೊಟ್ರಯ್ಯನ ಅಚ್ಚುಕೂಟಕ್ಕೆ ಹೋದ.

ಕೊಟ್ರಯ್ಯ ವಾರಕ್ಕೊಮ್ಮೆ ಪತ್ರಿಕೆ ತೆಗೆಯುತ್ತಿದ್ದ. ಯುದ್ಧ ಬಂದು ಕಾಗದ ಸಿಗದಂತಾಗಿ ಪತ್ರಿಕೆ ಒಂದೇ ಹಾಳೆಗೆ ಇಳಿದಿತ್ತು. ಆದರೂ ಆ ಹಾಳೆ ಕಂಪ್ಲಿಯವರೆಗೆ ಹೋಗುತ್ತಿತ್ತು. ಮೆಟ್ರಿಯ ಗಿರಣಿಯಲ್ಲಿ ಗುಮಾಸ್ತ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಅಕ್ಕಿ ಚೀಲದ ಮೇಲೆ ಕುಳಿತು ಕೇಳುತ್ತಿದ್ದರು.

"ಮಗಳೇ ಬಂದು ಹೋಗವ್ವಾ ಅಂತ ಎರಡು ಸಾಲು ಹಾಕ್ಲ್ಯಾ?" ಅಂದ ಕೊಟ್ರಯ್ಯ.

"ಬ್ಯಾಡ ಬ್ಯಾಡ. ನಾ ಕರದಂಗೂ ಇರಬಾರ್ದು, ಆಕಿ ಬರದಂಗೂ ಇರಬಾರ್ದು."

"ಅಣ್ಣಾ, ಅಂಥ ಅಚ್ಚಿನ ಮೊಳೆ ನನ್ನ ಹತ್ರ ಇಲ್ಲ" ಅಂದ ಕೊಟ್ರಯ್ಯ. ಆದರೂ ಇಬ್ಬರೂ ಸಂಜೆವರೆಗೆ ಕುಳಿತು ಬರೆದರು.

'ಹೊಸಪೇಟೆಯಲ್ಲಿ ಹುಟ್ಟಿ ಕಂಪ್ಲಿ ಸೀಮೆಗೆ ಕೊಟ್ಟ ಹೆಣ್ಣುಮಕ್ಕಳಿಗೆ ಬರುವ ಸೋಮವಾರ ಒಂದೇ ದಿನ ಉಜ್ಜಿನಪ್ಪನವರ ಅಂಗಡಿಯಲ್ಲಿ ತಲಾ ಒಂದು ಪಾತ್ರೆಗೆ ಧರ್ಮಕ್ಕೆ ಕಲಾಯಿ ಹಾಕಿಕೊಡಲಾಗುವುದು.'

ಇಬ್ಬರೂ ಒಂದು ಮಾತು ಮರೆತಿದ್ದರು. ಸಿಂಗಪುರ ಜಪಾನಿನವರ ಕೈಗೆ ಹೋದ ಮೇಲೆ ಕಲಾಯಿಯ ತವರ ಪೇಟೆಯಿಂದಲೇ ಮಾಯವಾಗಿತ್ತು. ಮನೆಮನೆಯಲ್ಲಿ ಹಿತ್ತಾಳೆ ಪಾತ್ರೆಗಳು ಕಿಲುಬು ಹಿಡಿದು ಕುಳಿತಿದ್ದವು. ಉಜ್ಜಿನಪ್ಪ ಮೊದಲೇ ಕೊಂಡಿಟ್ಟಿದ್ದ ಒಂದು ಕಟ್ಟು ತವರದ ಕಡ್ಡಿ ಮಾತ್ರ ಅವನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಸೋಮವಾರ ಬಾಗಿಲು ತೆಗೆಯುವುದರೊಳಗೆ ಬೀದಿಯಲ್ಲಿ ಏಳು ಗಾಡಿ ಕೊಳ್ಳು ಹರಿದು ಎತ್ತು ಬಿಚ್ಚಿ ನಿಂತಿದ್ದವು. ಬೋಗುಣಿ, ಚರಿಗೆ, ಕೊಪ್ಪರಿಗೆ. ಒಬ್ಬಾಕೆ ನಾಲ್ಕು ಜನ ಹೊರುವಂಥ ನೀರಿನ ಹಂಡೆಯನ್ನೇ ಇಳಿಸಿದ್ದಳು.

"ಒಂದ ಪಾತ್ರಿ ಅಂತ ಬರ್ದಾರ. ಎಷ್ಟು ದೊಡ್ಡದು ಅಂತ ಬರ್ದಿಲ್ಲಲ್ಲ" ಅಂದಳು ಆಕೆ.

ಉಜ್ಜಿನಪ್ಪನ ಎದೆ ಹಂಡೆಗಿಂತ ಜೋರಾಗಿ ಗಣಗಣ ಅಂದಿತು. ಆಗ ನೆರವಿಗೆ ಬಂದವನು ಪಕ್ಕದ ಎಣ್ಣೆ ಅಂಗಡಿಯ ಗಾದಿಲಿಂಗಪ್ಪ. ಸಂಡೂರಿನಿಂದ ಬಂದು ಎರಡು ವರ್ಷವಾಗಿತ್ತು. ತನ್ನ ಅಂಗಡಿ ಬಿಟ್ಟು ಉಳಿದ ಎಲ್ಲ ಅಂಗಡಿಯ ಕೆಲಸವನ್ನೂ ಶ್ರದ್ಧೆಯಿಂದ ಮಾಡುತ್ತಿದ್ದ.

"ಸಾಲು ನಾ ನೋಡಿಕೊಂತೀನಣ್ಣಾ. ನೀ ಹಿತ್ತಲಕ ಹೋಗು."

ಉಜ್ಜಿನಪ್ಪ ಅವನ ಕಿವಿಯಲ್ಲಿ, "ನನ್ನ ಮಗಳು ಬಂದ್ರೂ ಬರಬಹುದು. ನೀ ಆಕಿನ್ನ ನೋಡಿಲ್ಲ. ಬಂದ್ರ ಸಾಲಿನಾಗ ನಿಲ್ಲಿಸಬ್ಯಾಡ, ಸೀದಾ ಒಳಗ ಕಳಸು. ಯಾರಿಗೂ ಹೇಳಬ್ಯಾಡ" ಅಂದ.

ಗಾದಿಲಿಂಗಪ್ಪ ಎರಡು ತಾಸು ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ಅವನ ಮಟ್ಟಿಗೆ ಅದು ದೊಡ್ಡ ಸಾಧನೆ. ಆಮೇಲೆ ಒಬ್ಬಾಕೆ ಸಾಲು ಮುರಿದು ನುಗ್ಗಿದಾಗ ಕಟ್ಟೆ ಹತ್ತಿ ಕೂಗಿದ: "ಏನವ್ವಾ, ನೀ ಏನ್ ಉಜ್ಜಿನಪ್ಪಣ್ಣನ ಮಗಳಾ? ಆಕಿಗೊಬ್ಬಾಕಿಗೇ ಸಾಲಿಲ್ಲ! ಉಳಿದೋರು ನಿಂದ್ರಬೇಕು!"

ಅರ್ಧ ತಾಸಿಗೆ ಮಗಳು ಬಂದಳು.

"ಅಣ್ಣಾ, ಮಗಳು ಬಂದ್ಲು!" ಎಂಬ ಕೂಗಿಗೆ ಉಜ್ಜಿನಪ್ಪ ಇಕ್ಕಳ ಅಲ್ಲೇ ಬಿಸಾಕಿ, ಮಸಿ ಕೈಯಲ್ಲೇ ಕಣ್ಣು ಒರೆಸಿಕೊಂಡು ಓಡಿದ. ಬಾಗಿಲಲ್ಲಿ ಹಲ್ಲಿಲ್ಲದ ಹುಲುಗಮ್ಮ ನಿಂತಿದ್ದಳು. ಅವನಿಗಿಂತ ಹತ್ತು ವರ್ಷವಾದರೂ ದೊಡ್ಡವಳು.

"ನೀ ನನ್ನ ಮಗಳಾ?"

"ಯಾರದಾರೂ ಮಗಳೇ ಅಲ್ಲೇನಪ್ಪಾ ನಾನು. ಕಾಲು ನೋಯ್ತಾವು."

ಒಳಗಿನಿಂದ ಜಂಬಮ್ಮನ ದನಿ ಬಂತು. "ಬಂದ್ಲೇನ್ರಿ?"

"ಇಲ್ಲ. ಬ್ಯಾರೆಯವರ ಮಗಳು."

ಎರಡನೆಯ ಮಗಳು ಗಾಳೆಮ್ಮ, ಹೊಸಪೇಟೆಯನ್ನು ಅವತ್ತೇ ಮೊದಲು ಕಂಡವಳು. ಆಗಲೂ ಓಡಿದ. ಮೂರನೆಯವಳು ಕಂಪ್ಲಿಯ ದಿಕ್ಕೇ ಅಲ್ಲದ ಚೋರನೂರಿನವಳು. ಆಗ ಬೇಗ ಬೇಗ ನಡೆದು ಹೋದ. ನಾಲ್ಕನೆಯ ಸಲ ಇಬ್ಬರು ಒಟ್ಟಿಗೇ ಬಂದು, ಒಬ್ಬಳು ಕಪ್ಪು ಒಬ್ಬಳು ಕೆಂಪು, "ನಾವು ಅವಳಿ ಮಕ್ಕಳ್ರಿ" ಅಂದರು. ಉಜ್ಜಿನಪ್ಪ ಬಾಗಿಲವರೆಗೂ ಹೋಗಲಿಲ್ಲ. ಪ್ರತಿ ಸಲವೂ ಒಳಗಿನಿಂದ, "ಬಂದ್ಲೇನ್ರಿ?" ಪ್ರತಿ ಸಲವೂ ಆ ದನಿ ಸ್ವಲ್ಪ ಸಣ್ಣಗಾಗುತ್ತಿತ್ತು.

ಹೊತ್ತು ಇಳಿಯಿತು. ಹೊಗೆಗೆ ಅವನ ಕಣ್ಣು ಕೆಂಡವಾಗಿತ್ತು. ತವರದ ಕಟ್ಟಿನಲ್ಲಿ ಉಳಿದದ್ದು ಒಂದೇ ಕಡ್ಡಿ. ಮಗಳ ಬೋಗುಣಿಗೆಂದು ಅದನ್ನು ನಡುಪಟ್ಟಿಯಲ್ಲಿ ಸಿಕ್ಕಿಸಿಕೊಂಡಿದ್ದ. ಆಗ ಮತ್ತೆ ಕೂಗು:

"ಅಣ್ಣಾ, ಇನ್ನೊಬ್ಬಾಕಿ ಮಗಳು ಬಂದಾಳ! ಈಕಿ ಕಂಕುಳಾಗ ಕೂಸಿನ್ನೂ ಎತಿಗೊಂಡು ಬಂದಾಳ!"

ಬೀದಿ ಗೊಳ್ಳೆಂದು ನಕ್ಕಿತು. ಉಜ್ಜಿನಪ್ಪ ಕೆಂಡದಿಂದ ತಲೆ ಎತ್ತದೆ, ಬೀದಿಗೆಲ್ಲ ಕೇಳುವಂತೆ ಅರಚಿದ:

"ನನಗ ಮಗಳೇ ಇಲ್ಲಂತ ಹೇಳಿ ಕಳಸು!"

ಆಮೇಲೆ ಯಾರೂ ಮಗಳೆಂದು ಹೇಳಿಕೊಂಡು ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಾಡಿಗಳು ಹೋದವು. ಗಾದಿಲಿಂಗಪ್ಪ ಒಂದು ಬೋಗುಣಿ ಹಿಡಿದುಕೊಂಡು ಒಳಗೆ ಬಂದ. "ಯಾರೋ ಮರ್ತು ಹೋಗ್ಯಾರ ನೋಡಣ್ಣಾ. ಕಟ್ಟಿ ಮ್ಯಾಲಿತ್ತು."

ಉಜ್ಜಿನಪ್ಪ ಅದನ್ನು ದೀಪದ ಕಡೆ ತಿರುಗಿಸಿದ. ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರಗಳಿದ್ದವು. ಚಿ. ಸೌ. ಮರುಳಸಿದ್ದಮ್ಮಗೆ ತಂದೆ ಉಜ್ಜಿನಪ್ಪನ ಉಡುಗೊರೆ. ಹೆಸರು ಉದ್ದವಾಗಿ ಜಾಗ ಸಾಲದೆ, ಉಡುಗೊರೆಯ ಕೊನೆಯ ಅಕ್ಷರ ಚಿ. ಸೌ.ದ ತಲೆಯ ಮೇಲೆ ಹತ್ತಿ ಕುಳಿತಿತ್ತು. ಅವನದೇ ಕೈ.

ಬೆರಳಿನಿಂದ ತಳ ಬಡಿದ. ಸದ್ದೇ ಬರಲಿಲ್ಲ. ಎತ್ತಿ ಹಿಡಿದರೆ ತಳದ ತೂತಿನಿಂದ ದೀಪ ಕಂಡಿತು.

"ಕೂಸಿನ್ನ ಎತಿಗೊಂಡಾಕಿ... ಏನಂದ್ಲು?"

"ಏನೂ ಅನ್ನಲಿಲ್ಲಣ್ಣಾ. ಉಳಿದೋರು ಸುಳ್ಳು ಹೇಳಿ ಮ್ಯಾಲ ಜಗಳಾನೂ ಮಾಡಿದ್ರು. ಈಕಿ ನಿನ್ನ ಮಾತು ಕೇಳಿ ಸುಮ್ನ ನಿಂತ್ಲು, ಹೋದ್ಲು. ಆವಾಗ ನನಗ ಖಾತ್ರಿ ಆತು, ಈಕೀನೂ ಖೊಟ್ಟಿ ಅಂತ."

ಉಜ್ಜಿನಪ್ಪ ಬೋಗುಣಿ ಅಪ್ಪಿಕೊಂಡು ಓಡಿದ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಕಂಪ್ಲಿಯ ಬಸ್ಸು ಹೋಗಿಯಾಗಿತ್ತು. ಅದು ಬಿಟ್ಟುಹೋದ ಹೊಗೆ ಮಾತ್ರ ನಿಲ್ದಾಣದ ಬೇವಿನ ಮರಕ್ಕೆ ಸುತ್ತಿಕೊಂಡಿತ್ತು.

ಮರುದಿನ ಕೊಟ್ರಯ್ಯ ಕುಣಿಯುತ್ತಾ ಬಂದ. "ಅಣ್ಣಾ, ಜಾಹೀರಾತು ಅಂದ್ರ ಇದು! ಕಂಪ್ಲಿಗೆ ಕಂಪ್ಲೀನೇ ಬಂದಿತ್ತಲ್ಲ! ಈ ವಾರ ಏನ್ ಹಾಕೋಣು?"

ಜಂಬಮ್ಮ ಒಳಗಿನಿಂದಲೇ, "ಹಾಕೋದು ಸಾಕು. ಹೋಗಿ ಕರಕೊಂಡು ಬರ್ರಿ" ಅಂದಳು.

"ಎರಡು ಸಲ ಮಗಳಿಲ್ಲ ಅಂದ ಬಾಯಿ ಇಟಗೊಂಡು ಹ್ಯಾಂಗ ಹೋಗ್ಲಿ?" ಅಂದ ಉಜ್ಜಿನಪ್ಪ. "ನಾಕು ಮಂದಿ ಮುಂದ ಅಂದೀನಿ. ನಾಕು ಮಂದಿ ಮುಂದನೇ ತಪ್ಪು ಒಪ್ಪಿಕೊಂತೀನಿ, ಆಗ್ಲೂ ಆಕಿ ಬರದಿದ್ರ ನಾನೇ ಹೋಗ್ತೀನಿ. ಮೆಟ್ರಿ ಗಿರಣ್ಯಾಗ ಗುಮಾಸ್ತ ಓದಲಿ."

ಈ ಸಲ ಬರೆಯಲು ಸಂಜೆಯಾಗಲಿಲ್ಲ. ಅವನೇ ಹೇಳುತ್ತಾ ಹೋದ, ಕೊಟ್ರಯ್ಯ ಬರೆದುಕೊಂಡ.

'ನಮ್ಮ ಅಂಗಡಿಯ ಬೋಗುಣಿಯ ತಳ ತೆಳ್ಳಗಿದ್ದದ್ದು ನಿಜ. ತಪ್ಪು ನಮ್ಮದೇ. ವಾರಸುದಾರರು ಸೋಮವಾರ ಬಂದು, ಗಟ್ಟಿ ತಳದ ಬೋಗುಣಿ ಒಯ್ಯಬೇಕಾಗಿ ಬೇಡಿಕೊಳ್ಳುತ್ತೇನೆ. ಉಜ್ಜಿನಪ್ಪ.'

ಸೋಮವಾರ ನಸುಕಿನಲ್ಲೇ ಎದ್ದು, ಅಂಗಡಿಯಲ್ಲಿದ್ದುದರಲ್ಲೇ ಅತಿ ಭಾರದ ಬೋಗುಣಿಗೆ ಮಗಳ ಹೆಸರನ್ನು ಜಾಗ ಸಾಲುವಂತೆ ಅಳತೆ ಮಾಡಿ ಕೊರೆದ. ಬಾಗಿಲು ತೆಗೆದ.

ಬೀದಿಯ ತಿರುವಿನವರೆಗೂ ಸಾಲು. ಇಪ್ಪತ್ತು ವರ್ಷಗಳಿಂದ ಅವನ ಅಂಗಡಿಯಲ್ಲಿ ಬೋಗುಣಿ ಕೊಂಡವರೆಲ್ಲ ಬಂದಿದ್ದರು. ಎಲ್ಲರ ಬೋಗುಣಿಯೂ ತೆಳ್ಳಗಿತ್ತು. ಮುಂದೆ ನಿಂತ ಹುಲುಗಮ್ಮ ಪತ್ರಿಕೆಯ ಹಾಳೆಯನ್ನು ಅವನ ಮೂಗಿಗೆ ಹಿಡಿದು, "ತಪ್ಪು ನಿಂದಂತ ನೀನೇ ಬರ್ಸೀಯಲ್ಲಪ್ಪಾ?" ಅಂದಳು.

ಉಜ್ಜಿನಪ್ಪ ಕಟ್ಟೆ ಇಳಿದು ಸಾಲಿನ ಉದ್ದಕ್ಕೂ ನಡೆದ. ಈ ಸಲ ಯಾರನ್ನೂ ನಂಬದೆ, ಸೆರಗು ಹೊದ್ದ ಒಂದೊಂದು ಮುಖವನ್ನೂ ಬಗ್ಗಿ ಬಗ್ಗಿ ನೋಡುತ್ತಾ ಹೋದ. ತಿರುವಿನ ಆಚೆ ಸಾಲಿನ ತುದಿಯಲ್ಲಿ ಕೊನೆಯವನಾಗಿ ನಿಂತಿದ್ದವನು ಗಾದಿಲಿಂಗಪ್ಪ. ಅವನ ಕೈಯಲ್ಲೂ ಒಂದು ಬೋಗುಣಿ.

"ನಂದೂ ಭಾಳ ತೆಳ್ಳಗೈತಣ್ಣಾ" ಅಂದ ಅವನು, ನಾಚಿಕೊಂಡು.

ಉಜ್ಜಿನಪ್ಪ ಹಿಂದಿರುಗಿ ಬಂದಾಗ ಒಳಗಿನ ದನಿ ಕಾಯುತ್ತಿತ್ತು.

"ಬಂದ್ಲೇನ್ರಿ?"