ಸಾಖರಪುಡಾದಲ್ಲಿ ನನ್ನ ಮಿದುಳಿನ ಪಥ್ಯ

ಐವತ್ತರ ಹತ್ತಿರ ಬಂದವರು ಸಕ್ಕರೆ, ತುಪ್ಪ, ಕರಿದ ತಿಂಡಿಗಳನ್ನು ಮಿತಿಮೀರಿ ತಿಂದರೆ ಮಿದುಳಿಗೆ ಬೇಗ ಮುಪ್ಪು ಬರುತ್ತದೆ ಎಂದು ವಾರಪತ್ರಿಕೆಯೊಂದರ ಆರೋಗ್ಯ ಪುಟದಲ್ಲಿ ಓದಿದ ದಿನವೇ ನಾನು ಮೂರನ್ನೂ ಬಿಟ್ಟೆ. ಮಿತಿ ಎಂಬ ಮಾತನ್ನೂ ಅಲ್ಲೇ ಬಿಟ್ಟೆ! ಎಂಬತ್ತು ದಾಟಿದ ಮೇಲೂ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹೆಸರು ಹಿಡಿದು ಕರೆಯುವ ಮಾಸ್ತರ ನಾನಾಗುತ್ತೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೆದರಿಕೆಗೆ ಕಾರಣವಿತ್ತು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕಡೆಗಾಲಕ್ಕೆ ಮರೆವೂ ಅಂಟಿಕೊಂಡಿತು. ಒಂದು ಮುಂಜಾನೆ ನನ್ನ ಮುಖ ನೋಡಿ, 'ನೀವು ಯಾರ ಪೈಕಿ ರೀ?' ಎಂದು ಕೇಳಿದ. ಸ್ವಂತ ಅಪ್ಪನ ಬಾಯಿಂದ ಬಂದ ಆ 'ರೀ' ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ನಾನೋ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ನೆನಪು ಹೋದರೆ ನನ್ನ ಕೈಯಲ್ಲಿ ಉಳಿಯುವುದು ಬರೀ ಡಸ್ಟರ್!

ಪಥ್ಯ ಶುರುವಾಯಿತು. ಮುಂಜಾನೆ ಬಿಸಿನೀರು, ಮಧ್ಯಾಹ್ನ ಅರ್ಧ ಒಣ ರೊಟ್ಟಿ, ರಾತ್ರಿ ನೆನೆಸಿದ ಬದಾಮಿ. ನೆನಪು ಚುರುಕಾಗುವ ಬದಲು ರಜೆ ಹಾಕಿ ಹೋಯಿತು. ತರಗತಿಯಲ್ಲಿ ಷಹಜಹಾನನನ್ನು ಅಕ್ಬರನ ಅಪ್ಪನನ್ನಾಗಿ ಮಾಡಿದೆ. ಸೈಕಲ್ ಮೇಲೆ ಪೇಟೆಗೆ ಹೋದವನು ನಡೆದುಕೊಂಡು ಮನೆಗೆ ಬಂದೆ.

'ಮೊದ್ಲ ಒಂದೊಂದ ಮರೀತಿದ್ರಿ. ಈಗ ಎಲ್ಲಾನೂ ಮರ್ಯಾಕತ್ತೀರಿ. ಹೊಟ್ಟಿಗಿ ಏನರ ಹಾಕೋರಿ!' ಎಂದು ಹೆಂಡತಿ ಸುಶೀಲಾ ರೇಗಿದಳು.

'ಒಳಗಿನ ಹಳೇ ಸಕ್ಕರಿ ಹೊರಗ ಹೋಗಾಕತ್ತೈತಿ. ಮಿದುಳ ಸ್ವಚ್ಛ ಆಗೂಮುಂದ ಹಿಂಗ ಆಗತೈತಿ' ಎಂದು ಪತ್ರಿಕೆಯಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದೆ.

ಅಷ್ಟರಲ್ಲಿ ಹಾರೂಗೇರಿಯಲ್ಲಿ ನಮ್ಮಕ್ಕನ ಮಗಳು ಕಸ್ತೂರಿಯ ಸಾಖರಪುಡಾ ಬಂತು. ನಮ್ಮ ಕಡೆ ಮದುವೆ ನಿಶ್ಚಯದ ರೀತಿ ಇದು. ಗಂಡಿನವರು ಸಕ್ಕರೆ ತುಂಬಿದ ಪುಡಾವನ್ನು, ಎಂದರೆ ಪೊಟ್ಟಣವನ್ನು, ಹುಡುಗಿಯ ಕೈಗೆ ಕೊಡುತ್ತಾರೆ. ಆಮೇಲೆ ಹುಡುಗಿಯ ಕಡೆಯ ಹಿರಿಯನ ಬಾಯಿಗೆ ಚಿಟಿಕೆ ಸಕ್ಕರೆ ಹಾಕುತ್ತಾರೆ. ಬಾಯಿ ಸಿಹಿಯಾಯಿತೆಂದರೆ ಸಂಬಂಧ ಕೂಡಿತು. ಭಾವ ತೀರಿಕೊಂಡಿದ್ದರಿಂದ ಆ ಹಿರಿಯ ಬಾಯಿ ಸೋದರಮಾವನಾದ ನನ್ನದು.

ಕಸ್ತೂರಿಗೆ ಅದಕ್ಕೂ ಮೊದಲು ಎರಡು ಸಂಬಂಧ ಬಂದು ಮುರಿದಿದ್ದವು. ಈ ಹುಡುಗ ಅವಳ ಮನಸ್ಸಿಗೂ ಬಂದಿದ್ದ. 'ಮಾಮಾ, ಇದೊಂದರ ಸುಸೂತ್ರ ಆಗಬೇಕ ನೋಡು' ಎಂದು ನನ್ನ ಕೈ ಹಿಡಿದಳು.

'ನಾ ಅದೀನಲ್ಲ!' ಎಂದೆ.

ಅಕ್ಕೋಳದಿಂದ ಟ್ರ್ಯಾಕ್ಸ್ ಗಾಡಿ ತುಂಬ ಬೀಗರು ಬಂದರು. ಹುಡುಗನ ತಂದೆ ಅಣ್ಣಾಸಾಹೇಬರು ಕಬ್ಬಿನ ದೊಡ್ಡ ರೈತರು. ಜರಿ ಕಾಗದದ ಪುಡಾವನ್ನು ಕಸ್ತೂರಿಯ ಕೈಗಿಟ್ಟು, ಬೆರಳ ತುದಿಯಲ್ಲಿ ಸಕ್ಕರೆ ಹಿಡಿದು ನನ್ನ ಕಡೆ ತಿರುಗಿದರು.

'ಆ ಅನ್ರಿ ಮಾಸ್ತರ.'

ನಾನು ಕೈ ಅಡ್ಡ ಹಿಡಿದೆ. 'ಬ್ಯಾಡ್ರಿ. ನಾ ಒಲ್ಲೆ.'

ಅವರ ಬೆರಳಿನ ಸಕ್ಕರೆ ಪಡಸಾಲೆಯ ನೆಲಕ್ಕೆ ಉದುರಿತು.

'ಕಾಯ್ ಝಾಲಂ, ಏನಾತ್ರಿ ಮಾಸ್ತರ? ನಮ್ಮ ಸಕ್ಕರಿ ನಿಮಗ ಬ್ಯಾಡಾ?' ಎಂದರು ಅಣ್ಣಾಸಾಹೇಬರು.

'ಸೋದರಮಾವ ಅಲ್ಲೇನು! ತನ್ನ ಮಗಗ ಮಾಡ್ಕೋಬೇಕಂತ ಮಾಡ್ಯಾನ. ಅದಕ್ಕ ಬಾಯಿ ತಗಿವಲ್ಲ' ಎಂದು ಹುಡುಗನ ಸೋದರತ್ತೆ ತೀರ್ಪು ಕೊಟ್ಟಳು. ನನ್ನ ಮಗನಿಗೆ ಆಗಿನ್ನೂ ಮೀಸೆ ಬಂದಿರಲಿಲ್ಲ!

ಈ ಅಪಾರ್ಥವನ್ನು ಶಾಸ್ತ್ರೋಕ್ತವಾಗಿ ನಿವಾರಿಸಲು ಎದ್ದು ನಿಂತೆ. 'ಹಂಗಲ್ರಿ. ಸಕ್ಕರಿ ತಿಂದ್ರ ವಯಸ್ಸಾದ ಮ್ಯಾಲ ಮಿದುಳ ಕೆಡತೈತಿ. ನಮ್ಮ ಮನಿತನದಾಗ ಅದು ಐತಿ. ನಮ್ಮಪ್ಪ ನನ್ನ ಗುರ್ತಾನ ಹಿಡೀಲಿಲ್ಲ...'

ಅಕ್ಕ ಹಣೆ ಹಣೆ ಬಡಿದುಕೊಂಡಳು.

'ಮನಿತನದಾಗ ತಲಿ ಬ್ಯಾನಿ ಐತಂತ ಮೊದ್ಲ ಯಾಕ ಹೇಳಲಿಲ್ಲ?' ಎನ್ನುತ್ತ ಸೋದರತ್ತೆ ಸೆರಗು ಕೊಡವಿ ಎದ್ದೇಬಿಟ್ಟಳು.

'ನನ್ನ ತಲಿ ನೆಟ್ಟಗೈತ್ರಿ! ಬೇಕಾದ್ದ ಕೇಳ್ರಿ!'

ಅಣ್ಣಾಸಾಹೇಬರು ಸಮಾಧಾನದಿಂದಲೇ ಕೇಳಿದರು: 'ನನ್ನ ಮಗನ ಹೆಸರ ಹೇಳ್ರಿ ನೋಡೂಣು.'

ಹುಡುಗ ಎದುರಿಗೇ ಕುಳಿತಿದ್ದ. ಬಾಬರನಿಂದ ಔರಂಗಜೇಬನವರೆಗೆ ಎಲ್ಲರೂ ನೆನಪಿಗೆ ಬಂದರು, ಇವನೊಬ್ಬ ಬರಲಿಲ್ಲ. ಹಿಂದಿನ ದಿನದಿಂದ ಬದಾಮಿ ಬಿಟ್ಟು ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಣ್ಣು ಮುಚ್ಚಿ ಧೈರ್ಯದಿಂದ 'ಪ್ರಕಾಶ!' ಎಂದೆ.

ಅದು ಮುರಿದುಹೋದ ಮೊದಲ ಸಂಬಂಧದ ಹುಡುಗನ ಹೆಸರು!

ಕಸ್ತೂರಿ ಪುಡಾ ಹಿಡಿದು ಕುಳಿತಲ್ಲೇ ಕಣ್ಣು ತುಂಬಿಕೊಂಡಳು. ನಾನು ಎಂಬತ್ತಾದಾಗ ಬೇಕಾಗುವ ಬುದ್ಧಿಯನ್ನು ಕಾಯ್ದಿಡಲು ಹೋಗಿ ಈ ಹುಡುಗಿಯ ಬಾಳಿಗೆ ಕಲ್ಲು ಹಾಕುತ್ತಿದ್ದೇನಲ್ಲ ಎಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಷ್ಟರಲ್ಲಿ ಸುಶೀಲಾ ಹೆಂಗಸರ ಸಾಲು ದಾಟಿ ಬಂದಳು. 'ರೋಗ ಅಲ್ರಿ ಅಣ್ಣಾರ, ಹಸಿವಿ! ಪೇಪರ ಓದಿ ಉಪಾಸ ಬಿದ್ದಾರ!' ಎಂದವಳೇ ಪುಡಾಕ್ಕೆ ಕೈಹಾಕಿ ಹಿಡಿ ಸಕ್ಕರೆಯನ್ನು ನನ್ನ ಬಾಯಿಗೆ ತುರುಕಿದಳು. ಹಿಂದೆಯೇ ತುಪ್ಪದಲ್ಲಿ ಮುಳುಗಿದ ಹೋಳಿಗೆ ಬಂತು. ಈ ಸಲ ಯಾರೂ 'ಆ ಅನ್ರಿ' ಎಂದು ಹೇಳಬೇಕಾಗಲಿಲ್ಲ.

ಎರಡು ಹೋಳಿಗೆ ಮೌನವಾಗಿ ಇಳಿದವು. ಮೂರನೆಯದರ ನಡುವೆ ದೀಪ ಹತ್ತಿತು.

'ವಿಲಾಸ!' ಎಂದು ಕೂಗಿದೆ. 'ವಿಲಾಸ ಅಣ್ಣಾಸಾಹೇಬ! ಅಜ್ಜನ ಹೆಸರ ದಾದಾಸಾಹೇಬ! ನಿಮ್ಮ ಬಂಡಿ ಬಲಗಡೆ ಎತ್ತಿನ ಹೆಸರ ರಾಜಾ!'

ಅಣ್ಣಾಸಾಹೇಬರು ಹೊಟ್ಟೆ ಹಿಡಿದು ನಕ್ಕರು. 'ಮನಿತನಕ ಏನೂ ಆಗಿಲ್ಲ. ಮಾಸ್ತರಗ ಅಷ್ಟ ಆಗೇತಿ!' ಸೋದರತ್ತೆ ಮತ್ತೆ ಕುಳಿತಳು. ಕಸ್ತೂರಿ ಕಣ್ಣೊರೆಸಿಕೊಂಡು ನಕ್ಕಳು. ನನಗೆ ಅಳು ಬಂತು, ಹೋಳಿಗೆ ಬಿಸಿಯಾಗಿತ್ತೆಂದು ಹೇಳಿದೆ.

ಊರಿಗೆ ಬಂದ ಮೇಲೆ ಸುಶೀಲಾ ಆ ಆರೋಗ್ಯ ಪುಟವನ್ನು ಗಟ್ಟಿಯಾಗಿ ಓದಿದಳು. ಸಿಹಿ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ದಿನಾ ನಡೆಯಿರಿ ಎಂದಷ್ಟೇ ಅದರಲ್ಲಿತ್ತು! ಈಗ ಚಹಾಕ್ಕೆ ಅರ್ಧ ಚಮಚೆ ಸಕ್ಕರೆ, ಸಂಜೆ ಅವಳ ಜೊತೆ ನಡಿಗೆ.

ಲಗ್ನದ ದಿನ ಅಣ್ಣಾಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಅಕ್ಕೋಳದ ಹಿರಿಯರಿಗೆಲ್ಲ ಗುರುತು ಮಾಡಿಕೊಟ್ಟರು. 'ಇವ್ರು ಹುಡಗಿ ಸೋದರಮಾವ. ಭಾಳ ಶ್ಯಾಣ್ಯಾ ಮನಷ್ಯಾರು. ಆದ್ರ ಮೊದ್ಲ ಉಣಿಸಿ, ಆಮ್ಯಾಲ ಮಾತಾಡಸ್ರಿ.'

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದಿದ್ದೆ. ಬಾಯಿ ತುಂಬ ಜಿಲೇಬಿ ಇತ್ತು.